ರೋಸುಂಡಾ ಇದ್ದ ಜಾಗ

ಸ್ವೀಡನ್ನಿನ ರೋಸುಂಡಾ ಫುಟ್‌ಬಾಲ್ ಕ್ರೀಡಾಂಗಣವನ್ನು ಕೆಡವಿ ಕಟ್ಟಿದ ಕಟ್ಟಡದಲ್ಲಿ ನಮ್ಮ ಮನೆ. ಹಿಂದೆ ಅಲ್ಲೇ ಆಡಿದ್ದ ನನ್ನ ಗಂಡ ಸಿಕ್ಸ್‌ಟೆನ್ ಈಗ ಲಕ್ವ ಹೊಡೆದು ಮಲಗಿದ್ದಾನೆ.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಕಾಫಿ ಕಾಯಿಸುತ್ತಿದ್ದೆ. ನೆಲದಡಿಯಿಂದ ಸಾವಿರಾರು ಜನ ಒಟ್ಟಿಗೆ ಕೂಗಿದಂತಾಯಿತು. ಓಡಿ ಬಂದರೆ ಮಂಚ ಖಾಲಿ. ಅವನ ಹೆಸರು ಕೂಗುತ್ತ ಮೆಟ್ಟಿಲು, ನೆಲಮಾಳಿಗೆ, ಹಿಮ ತುಂಬಿದ ಅಂಗಳವೆಲ್ಲ ಹುಚ್ಚಿಯಂತೆ ಹುಡುಕಿದೆ.

"ಏಳೋಕಾಗದವನು ಎಲ್ಲಿಗೆ ಹೋಗ್ತಾನಮ್ಮಾ? ಒಳಗೇ ಇರ್ತಾನೆ, ಬಾ," ಎಂದು ಪಕ್ಕದ ಮನೆಯ ಈಲ್ವಾ ನನ್ನನ್ನು ಎಳೆದುತಂದಳು.

ಅವನು ಮಂಚದ ಮೇಲೇ ಇದ್ದ. ಮೈಯೆಲ್ಲ ಬೆವರು, ಏದುಸಿರು. ಕಾಲ್ಬೆರಳ ಸಂದಿಯಲ್ಲಿ ಹಸಿ ಹುಲ್ಲು.

"ಯಾಕೆ ಕೂಗ್ದೆ? ಆಟ ಇನ್ನೂ ಮುಗಿದಿರ್ಲಿಲ್ಲ ಕಣೇ," ಎಂದು ಅತ್ತ.

ಈಗ ಭಾನುವಾರ ಬಂದರೆ ಅವನ ಕಾಲುಗಳನ್ನು ಮಂಚಕ್ಕೆ ಕಟ್ಟಿ, ಕೈ ಹಿಡಿದು ಪಕ್ಕದಲ್ಲೇ ಕೂರುತ್ತೇನೆ. ಗಂಟು ಬಿಚ್ಚಿರುವುದಿಲ್ಲ. ಆದರೂ ಸಂಜೆಗೆ ಅವನ ಮೊಣಕಾಲು ಹೊಸದಾಗಿ ತರಚಿರುತ್ತದೆ.