ಜೇಬಿನಲ್ಲೊಂದು ಉಸಿರು

ನನ್ನ ಷರ್ಟಿನ ಜೇಬಿನಲ್ಲಿ ಒಬ್ಬ ಮುದುಕನ ಉಸಿರಿತ್ತು.

ಬೆನ್ನ ಹಿಂದೆ ಬೊಲೆರೊ ಇತ್ತು!

ಸಂತೆಬಾಚಹಳ್ಳಿ ದಾಟಿ ನಾಗಮಂಗಲದ ಕಡೆಗೆ ಹೋಗುವ ರಸ್ತೆ. ಮಟಮಟ ಮಧ್ಯಾಹ್ನ. ನನ್ನ ಹಳೇ ಬೈಕು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬೊಲೆರೊ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಹಾರ್ನ್ ಹೊಡೆಯುವವನಿಗೆ ದಾರಿ ಬೇಕು ಸ್ವಾಮಿ. ಹೊಡೆಯದವನಿಗೆ ನೀವೇ ಬೇಕು!

ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ಮುತ್ತಿಟ್ಟಿತು.

ಎದುರಿಗೆ ತೆಂಗಿನಕಾಯಿ ತುಂಬಿದ ಟ್ರಾಕ್ಟರು. ಅದರ ಚಕ್ರಕ್ಕೂ ಚರಂಡಿಗೂ ನಡುವೆ ಒಂದು ಎಮ್ಮೆ ನುಗ್ಗುವಷ್ಟು ಜಾಗ. ನುಗ್ಗಿದೆ! ಹಿಂದೆ ಬ್ರೇಕು ಕಿರುಚಿತು. ಬೈಗುಳ ಕೇಳಿಸಿತು. ಜೇಬು ಮುಟ್ಟಿ ನೋಡಿಕೊಂಡೆ.

ಡಬ್ಬಿ ಇತ್ತು.

ಹೆಸರು ಸುದರ್ಶನ. ಊರು ಶ್ರೀರಂಗಪಟ್ಟಣ. ಚಕ್ರ ಕೈಯಲ್ಲಿಲ್ಲ, ಇರುವ ಎರಡೂ ಬೈಕಿನಲ್ಲಿವೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಸಸ್ಪೆಂಡ್ ಆದವನು. ಆಮೇಲೆ ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ. ಈಗ ಕಾಣೆಯಾದದ್ದನ್ನು ಹುಡುಕಿಕೊಡುತ್ತೇನೆ. ಓಡಿಹೋದ ಅಳಿಯ, ಕದ್ದ ಟ್ರಾಕ್ಟರು... ಎಲ್ಲ ಒಂದೇ ರೇಟು.

ಅವತ್ತು ಬೆಳಿಗ್ಗೆ ಪಾಂಡವಪುರದ ಹಲ್ಲಿನ ಡಾಕ್ಟರು ಅರ್ಚನ ಫೋನ್ ಮಾಡಿದ್ದರು. ನನ್ನ ದವಡೆ ಕೀಲು ಜಾರುತ್ತೆ. ರಾತ್ರಿ ಹಲ್ಲು ಕಡಿಯದ ಹಾಗೆ ಅವರು ಮಾಡಿಕೊಟ್ಟ ಗಟ್ಟಿ ಪ್ಲಾಸ್ಟಿಕ್ ಅಚ್ಚು ಹಾಕಿಕೊಂಡೇ ಮಲಗುವವನು ನಾನು.

“ದವಡೆ ಹೇಗಿದೆ ಸುದರ್ಶನ್?”

“ಕಟಕಟ ಅಂತಿದೆ ಡಾಕ್ಟ್ರೇ. ಕಟಕಟೆ ಹತ್ತೋ ಕೆಲಸ ಅಲ್ವೇ ನಮ್ದು!”

“ಜೋಕ್ ಆಮೇಲೆ. ನನ್ನ ಪೇಷೆಂಟ್ ಜವರಯ್ಯ ಅಂತ, ಸಂತೆಬಾಚಹಳ್ಳಿ ಕಡೆಯವರು. ಹಾಲಿನ ಡೇರಿ ಡೈರೆಕ್ಟರು. ನಾಳೆ ಅಧ್ಯಕ್ಷರ ಎಲೆಕ್ಷನ್. ಇವರ ವೋಟಿಗೋಸ್ಕರ ಎತ್ತಾಕ್ಕೊಂಡು ಹೋಗಿದಾರೆ.”

“ಬಾಡೂಟ ಹಾಕಿ ವಾಪಸ್ ಬಿಡ್ತಾರೆ. ಅದು ಕಿಡ್ನಾಪ್ ಅಲ್ಲ, ಪಿಕ್‌ನಿಕ್!”

“ಬಾಡೂಟದ ಜೊತೆ ಏನು ಕೊಡ್ತಾರೆ?”

“ಬ್ರಾಂದಿ...”

“ಅದೇ ಭಯ! ನಿದ್ದೆಯಲ್ಲಿ ಅವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತೆ. ಉಸಿರು ನಿಂತು ನಿಂತು ಬರುತ್ತೆ. ಹೃದಯವೂ ವೀಕು. ಕೆಳದವಡೆ ಮುಂದಕ್ಕೆ ಎಳೆದು ಹಿಡಿಯೋ ಕ್ಲಿಪ್ಪು ಮಾಡಿಕೊಟ್ಟಿದೀನಿ. ಅದನ್ನ ಮನೇಲೇ ಬಿಟ್ಟು ಹೋಗಿದಾರೆ. ಕುಡಿದು, ಅಂಗಾತ ಮಲಗಿಬಿಟ್ರೆ...”

ಡಾಕ್ಟರು ಮಾತು ಮುಗಿಸಲಿಲ್ಲ. ನನ್ನ ಜೋಕು ಮುಗಿಯಿತು.

“ಉಸಿರು ನಿಂತಿದ್ರೆ ಪಕ್ಕಕ್ಕೆ ಹೊರಳಿಸಿ. ಕಿವಿ ಕೆಳಗೆ ದವಡೆ ಮೂಲೆ ಹಿಡಿದು ಮುಂದಕ್ಕೆ ತಳ್ಳಿ. ಆಮೇಲೆ ನೀವೂ ಹುಷಾರು. ಮುಖಕ್ಕೆ ಏಟು ಬಿದ್ರೆ ನಿಮ್ಮ ದವಡೆ ಲಾಕ್ ಆಗುತ್ತೆ.”

ಮನೆಗೆ ಹೋದಾಗ ಜವರಯ್ಯನ ಮೊಮ್ಮಗಳು ಶ್ವೇತ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ಕೊಟ್ಟಳು. ಒಳಗೆ ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಗಾಜಿನಂಥ ಅಚ್ಚು, ಎರಡನ್ನೂ ಬಿಗಿಯುವ ಪಟ್ಟಿ.

“ಚಲುವರಾಜು ಕಡೆಯೋರು ಕಣಣ್ಣ. ಅವ್ನಿಗೆ ಅಧ್ಯಕ್ಷ ಆಗ್ಬೇಕಂತೆ. ಫೋನೂ ಕಿತ್ಕೊಂಡವ್ರೆ. ತಾತ ಯಾರಿಗಾದ್ರೂ ವೋಟಾಕ್ಲಿ... ಉಸ್ರಾಡ್ಕಂಡಿದ್ರೆ ಸಾಕು!”

ಚಲುವರಾಜು ದನಿ ನನಗೆ ಬಾಯಿಪಾಠ. ಜಲ್ಲಿ ಮಿಷನ್ನಿಗೆ ನೆಗಡಿ ಬಂದಂಥ ದನಿ. ಅವನ ಕಡೆಯವರಿಗೆಲ್ಲ ಊಟ ಕಳಿಸುವ ಮಾದಮ್ಮನ ಮೆಸ್ಸಿಗೆ ಫೋನ್ ಹೊಡೆದೆ.

“ಏನ್ ಮಾದಮ್ಮೋ! ಊಟ ಎಲ್ಲಿಗ್ ಕಳುಸ್ದೆ? ಇನ್ನೂ ಬರ್ಲೇ ಇಲ್ವಲ್ಲ!”

“ಅಯ್ಯೋ, ಆಗ್ಲೇ ಓಯ್ತಲ್ಲಾ ಚಲುವಣ್ಣ! ನಾಗಮಂಗಲದ ರಸ್ತೆ, ಇಟ್ಟಿಗೆ ಗೂಡಿನ ಪಕ್ಕದ ತೆಂಗಿನ ತೋಟ ಅಂತ ನೀನೇ ಅಂದಲ್ಲಪ್ಪ!”

ಮಾದಮ್ಮ ಒಳ್ಳೆಯ ಹೆಂಗಸು. ಆಮೇಲೆ ಅಸಲಿ ಚಲುವರಾಜುವಿಗೂ ಫೋನ್ ಮಾಡಿ ಊಟ ಮುಟ್ಟಿತಾ ಅಂತ ವಿಚಾರಿಸಿದ್ದಾಳೆ. ಈ ಸೀಮೆಯಲ್ಲಿ ಅವನ ದನಿ ತೆಗೆಯುವವನು ನಾನೊಬ್ಬನೇ. ವೋಟು ಕದಿಯೋಕೆ ಎದುರು ಪಾರ್ಟಿಯವರು ನನ್ನನ್ನು ಬಿಟ್ಟಿದ್ದಾರೆ ಅಂದುಕೊಂಡಿದ್ದಾನೆ.

ಅದಕ್ಕೇ ಬೊಲೆರೊ!

ತೋಟದ ಗೇಟಿನ ಹತ್ತಿರ ಬೈಕಿಳಿದೆ. ಬೊಲೆರೊ ಬಂದೇಬಿಟ್ಟಿತು. ಇಳಿದವನು ಧರ್ಮೇಂದ್ರ, ಚಲುವರಾಜುವಿನ ಬಲಗೈ. ಆ ಬಲಗೈ ನನ್ನ ಎಡಗೆನ್ನೆಗೆ ಬಿತ್ತು.

ಕಟಕ್!

ದವಡೆ ಲಾಕ್.

ಬಾಯಿ ಒಂದು ಬೆರಳಷ್ಟೂ ತೆರೆಯಲಿಲ್ಲ. ಮಾತೇ ಬಂಡವಾಳವಾದವನ ಅಂಗಡಿಗೆ ಮಧ್ಯಾಹ್ನವೇ ಬೀಗ! ಇಬ್ಬರು ನನ್ನ ರೆಟ್ಟೆ ಹಿಡಿದು ತೋಟದ ಮನೆಗೆ ಎಳೆದುಕೊಂಡು ಹೋದರು. ಧರ್ಮೇಂದ್ರ ಜೇಬಿಗೆ ಕೈಹಾಕಿ ಡಬ್ಬಿ ತೆಗೆದ.

“ಅಣ್ಣೋ, ಅಲ್ಸೆಟ್ಟು!”

ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದವರೆಲ್ಲ ಗೊಳ್ಳೆಂದರು. ಚಲುವರಾಜು ಬಂದು ಬಗ್ಗಿ ನೋಡಿದ.

“ಜವರಯ್ಯಂದಾ? ಇದ್ಕೇನ್ಲಾ ಇಷ್ಟು ದೂರ ಬಂದೆ! ಊಟ ಆಗೋಯ್ತು ಕಣ್ಲಾ. ಮಲೀಕೊಳ್ಳೋವಾಗ ಯಾವನ್ಲಾ ಅಲ್ಲು ಕಟ್ಕಂತಾನೆ? ಧರ್ಮೇಂದ್ರ, ನೀರಿಗಾಕಿ ಮಡುಗ್ಲಾ.”

ಸ್ಟೀಲ್ ಲೋಟದ ನೀರಿನೊಳಗೆ ಕ್ಲಿಪ್ಪು ಮುಳುಗಿತು.

ನಿದ್ದೆಗೆಂದೇ ಮಾಡಿದ್ದನ್ನು ನಿದ್ದೆ ಅಂತ ಎತ್ತಿಟ್ಟರು!

“ಉಹ್ಹು... ಉಹ್ಹಿಹು...” ಉಸಿರು ಅಂತ ಹೇಳಲು ಹೋದೆ. ಹಲ್ಲಿನ ಸಂದಿಯಿಂದ ಗೊಜ್ಜು ಬಂತು.

“ಏನ್ಲಾ, ಕೋತಿ ಮಿಮಿಕ್ರಿನಾ?”

ಜಗಲಿಯ ಮೂಲೆಯ ಮಂಚದಲ್ಲಿ ಜವರಯ್ಯ. ಅಂಗಾತ. ಬಾಯಿ ತೆರೆದು ಬಿದ್ದಿತ್ತು. ಗೊರಕೆ... ಡೀಸೆಲ್ ಪಂಪಿನ ಸದ್ದು.

“ಬ್ರಾಂದಿಗೆ ಒಂದ್ ನಿದ್ದೆ ಮಾತ್ರೆನೂ ಸೇರ್ಸಿವ್ನಿ. ಬೆಳಗಾಗಗಂಟ ಏಳಾಕಿಲ್ಲ,” ಅಂದ ಚಲುವರಾಜು.

ಗೊರಕೆ ನಿಂತಿತು.

“ನೋಡ್ದಾ? ಎಂಗೆ ಸೊಂಪು ನಿದ್ದೆ ಬಂತು!”

ಸೊಂಪು ಅಲ್ಲ! ಮುದುಕನ ಹೊಟ್ಟೆ ಒದ್ದಾಡುತ್ತಿತ್ತು. ಗಾಳಿ ಒಳಕ್ಕೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗುತ್ತಿತ್ತು. ನೋಡಿದವನು ನಾನೊಬ್ಬನೇ. ಹೇಳಲಾರದವನೂ ನಾನೊಬ್ಬನೇ.

ಮೂಗು ಮಾತ್ರ ತೆರೆದಿತ್ತು.

ಮೂಗಿನಲ್ಲೇ ಶುರುಮಾಡಿದೆ. ಜವರಯ್ಯನ ಗೊರಕೆ. ಅದೇ ಪಂಪು, ಅದೇ ತಾಳ. ಎಲ್ಲರೂ ನಕ್ಕರು. ತಟ್ಟನೆ ನಿಲ್ಲಿಸಿದೆ. ಹೊಟ್ಟೆ ಒದ್ದಾಡಿಸಿದೆ. ಕಣ್ಣು ಮೇಲೆ ಮಾಡಿ ಹಿಡಿದವರ ಕೈಯಲ್ಲೇ ಜೋತುಬಿದ್ದೆ. ಕತ್ತು ಮಂಚದ ಕಡೆಗೆ ವಾಲಿಸಿದೆ.

ನಗು ಅರ್ಧಕ್ಕೆ ನಿಂತಿತು. ಆದರೂ ಹಿಡಿತ ಸಡಿಲವಾಗಲಿಲ್ಲ.

ಉಸಿರು ಅಂದರೆ ಇವರಿಗೆ ಅರ್ಥವಾಗುವುದಿಲ್ಲ. ಅರ್ಥವಾಗುವ ಪದ ಒಂದೇ. ಕೀಲು ಹರಿದರೂ ಸರಿ ಅಂತ ಹಲ್ಲಿನ ಸಂದಿಯಿಂದ ತಳ್ಳಿದೆ.

“ವೋ...ಟು! ಸಾ...ಯ್ತದೆ!”

ಚಲುವರಾಜು ಮಂಚದ ಕಡೆ ತಿರುಗಿದ. ಮುಖದ ಬಣ್ಣವೇ ಇಳಿದುಹೋಯಿತು.

“ಬುಡ್ರುಲಾ ಅವ್ನ! ಬುಡ್ರೀ!”

ಒಂದೇ ನೆಗೆತ. ಜವರಯ್ಯನನ್ನು ಪಕ್ಕಕ್ಕೆ ಹೊರಳಿಸಿದೆ. ಕಿವಿ ಕೆಳಗೆ ಬೆರಳಿಟ್ಟು ದವಡೆ ಮುಂದಕ್ಕೆ ತಳ್ಳಿದೆ. ಏನೂ ಇಲ್ಲ... ಮತ್ತೆ ತಳ್ಳಿದೆ...

“ಹ್ಹ್ಹಾ...!”

ಬಾವಿಯಿಂದ ಕೊಡ ಮೇಲೆ ಬಂದಂತೆ ಉಸಿರು ಬಂತು.

ಕೈ ಬಿಡಲಿಲ್ಲ. ಧರ್ಮೇಂದ್ರ ಮುಖಕ್ಕೆ ನೀರು ಎರಚಿದ. ಜವರಯ್ಯ ಅರೆಗಣ್ಣು ಬಿಟ್ಟ. ಲೋಟದಿಂದ ಕ್ಲಿಪ್ಪು ತೆಗೆದು ಕೈಗಿಟ್ಟೆ. ಅಭ್ಯಾಸಬಲ ನೋಡಿ... ತಾನೇ ಬಾಯಿಗೆ ಹಾಕಿ ಕಚ್ಚಿಕೊಂಡ. ಡಾಕ್ಟರಿಗೆ ಫೋನ್ ಹಚ್ಚಿ ಧರ್ಮೇಂದ್ರನ ಕಿವಿಗಿಟ್ಟೆ. ಅವನು ಬ್ರಾಂದಿ, ನಿದ್ದೆ ಮಾತ್ರೆ ಎರಡನ್ನೂ ಬಾಯಿಬಿಟ್ಟ. ಅವರು ಬೈದದ್ದು ಇಡೀ ಜಗಲಿಗೆ, ಮುದುಕನ ಕಿವಿಗೂ ಕೇಳಿಸಿತು. ಈಗಲೇ ಆಸ್ಪತ್ರೆಗೆ!

ಅದೇ ಬೊಲೆರೊ. ಈ ಸಲ ಧರ್ಮೇಂದ್ರ ನಾಗಮಂಗಲದವರೆಗೂ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಹಿಂದಿನ ಸೀಟಿನಲ್ಲಿ ಜವರಯ್ಯ ನನ್ನ ಹೆಗಲಿಗೆ ಒರಗಿದ್ದ. ಒಂದು ಸಲ ಕ್ಲಿಪ್ಪು ತೆಗೆದು ನನ್ನ ಕಿವಿಯಲ್ಲಿ ಏನೋ ಅಂದ. ಮತ್ತೆ ಹಾಕಿಕೊಂಡ. ಮುಂದಿನ ಸೀಟಿನ ಚಲುವರಾಜು ಕನ್ನಡಿಯಲ್ಲಿ ನೋಡಿದ.

ಮರುದಿನ ಜವರಯ್ಯ ಆಸ್ಪತ್ರೆಯಿಂದ ನೇರ ಡೇರಿಗೆ ಹೋಗಿ ವೋಟು ಹಾಕಿದ. ಚಲುವರಾಜು ಸೋತ.

ಒಂದೇ ವೋಟಿನಲ್ಲಿ!

ಸಂಜೆ ನಾನು ಪಾಂಡವಪುರದ ಕ್ಲಿನಿಕ್ಕಿನ ಕುರ್ಚಿಯಲ್ಲಿದ್ದೆ. ಚಲುವರಾಜು ಬಾಗಿಲು ತಳ್ಳಿಕೊಂಡು ಬಂದ. ಹಿಂದೆ ಧರ್ಮೇಂದ್ರ.

“ಬೊಲೆರೊದಲ್ಲಿ ಮುದುಕಪ್ಪ ನಿನ್ ಕಿವೀಲಿ ಏನಂದ? ಯಾರಿಗ್ ಆಕ್ತೀನಿ ಅಂದ? ಬೊಗಳ್ಲಾ!”

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ‘ಸಾಯ್ಸಾಕೆ ಮಾತ್ರೆ ಕೊಟ್ಟೋನಿಗೆ ವೋಟ್ ಬೇರೆ ಕೊಡ್ಲಾ?’

ಆ ಮಾತು ಹೊರಬಿದ್ದರೆ ಮುದುಕನ ಉಸಿರಿಗೆ ಯಾವ ಕ್ಲಿಪ್ಪೂ ಕಾವಲಿಲ್ಲ.

ನಾನು ಕೆನ್ನೆ ಹಿಡಿದುಕೊಂಡೆ. ಕಣ್ಣಲ್ಲಿ ನೀರು ತಂದುಕೊಂಡೆ.

“ಉಹ್ಹು... ಉಹ್ಹಿಹು...”

ಅರ್ಚನ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. “ಹೊಡೆಸಿದ್ದು ನೀವೇ ಅಲ್ವಾ? ಈಗ ಮಾತಾಡು ಅಂದ್ರೆ?”

ಚಲುವರಾಜು ಧರ್ಮೇಂದ್ರನ ತಲೆಗೆ ಒಂದು ಮೊಟಕಿ ಹೊರಟುಹೋದ.

ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದು. ನನ್ನದೇ!

ಡಾಕ್ಟರು ಕೀಲು ಬಿಡಿಸಿದ್ದು ಬೆಳಿಗ್ಗೆಯೇ ಸ್ವಾಮಿ.