ಚೌಡಕ್ಕನ ಮನೆ ಬೇವಿನ ಹೂವು

ದೋಟಿಯ ಕೊಕ್ಕೆ ಕೊಂಬೆಗೆ ಸಿಕ್ಕಿಕೊಂಡಿತು. ಚೈತ್ರಶ್ರೀ ಎಳೆದಳು, ಜಗ್ಗಿದಳು. ಉದುರಿದ್ದು ನಾಲ್ಕು ಎಲೆ. ಹೂವು ಮಾತ್ರ ಏನು ಮಾಡ್ಕೋತೀಯೋ ಮಾಡ್ಕೋ ಅನ್ನುವ ಹಾಗೆ ಮೇಲೇ ಕುಳಿತಿತ್ತು.

ಬೇವಿನ ಮರದ ಕೆಳಗೆ ಅಜ್ಜಿಯ ಹಳೇ ಹಸಿರು ಸೀರೆ ಹಾಸಿತ್ತು. ಪ್ರತಿ ವರ್ಷ ಯುಗಾದಿ ಬೆಳಿಗ್ಗೆ ಅದನ್ನು ಹಾಸುವುದು ಅಜ್ಜಿ ಚೌಡಕ್ಕನ ಕೆಲಸವಾಗಿತ್ತು. ದೋಟಿ ಹಿಡಿದು ಕೊಂಬೆ ಅಲ್ಲಾಡಿಸುವುದು ಅಜ್ಜ ದುರುಗಪ್ಪನ ಕೆಲಸ.

"ಬರೀ ಎಲೆ ಉದುರಿಸ್ತೀರಲ್ರೀ, ಹೂವೆಲ್ಲೈತೆ?" ಎಂದು ಅಜ್ಜಿ ರೇಗುತ್ತಿದ್ದಳು. ಅಜ್ಜ ಬೇಕಂತಲೇ ಅವಳ ತಲೆ ಮೇಲಿನ ಕೊಂಬೆಯನ್ನೇ ಜಗ್ಗುತ್ತಿದ್ದ. ನರೆತ ಕೂದಲ ತುಂಬ ಬಿಳಿ ಹೂವು! ಅಜ್ಜ ಮೊಮ್ಮಗಳಿಗೆ ಕಣ್ಣು ಹೊಡೆಯುತ್ತಿದ್ದ. ಅಜ್ಜಿ ಬಾಯಿತುಂಬ ಬೈಯುತ್ತಿದ್ದಳು. ಆದರೆ ಆ ಹೂವನ್ನು ಸಂಜೆಯಾದರೂ ಕೊಡವುತ್ತಿರಲಿಲ್ಲ.

ಅಜ್ಜ ಶ್ರಾವಣದಲ್ಲಿ ಹೋದ. ದೀಪಾವಳಿ ಕಳೆದ ಮೇಲೆ ಅಜ್ಜಿಯೂ ಹೋದಳು.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಎಣ್ಣೆಸ್ನಾನ ಇಲ್ಲ, ಹೊಸ ಡ್ರೆಸ್ ಇಲ್ಲ, ಬಾಗಿಲಿಗೆ ತೋರಣ ಕೂಡ ಇಲ್ಲ. ಓಣಿಯ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿಕೊಂಡು ಕುಣಿಯುತ್ತಿದ್ದರು. ಚೈತ್ರಾಳನ್ನು ಯಾರೂ ಕರೆಯಲಿಲ್ಲ. ಅವಳಿಗೆ ಅದು ಬೇಕೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಹೂವು.

ಜಗಳೂರಿನ ಆ ಓಣಿಗೆಲ್ಲ ಬೇವಿನ ಹೂವು ಹೋಗುತ್ತಿದ್ದದ್ದು ಅಜ್ಜಿಯ ಮೊರದಿಂದಲೇ. ಈ ಸಲ ಹೋಗದಿದ್ದರೆ ಜನ ಬೇರೆ ಕಡೆಯಿಂದ ತಂದುಕೊಳ್ಳುತ್ತಾರೆ. ಆಮೇಲೆ ಅಜ್ಜಿಯನ್ನು ಯಾರು ನೆನೆಸುತ್ತಾರೆ?

ಹಿತ್ತಲ ಬಾಗಿಲಲ್ಲಿ ಅಮ್ಮ ನೇತ್ರಾವತಿ ನಿಂತಿದ್ದಳು.

"ನಾವು ಹಬ್ಬ ಇಲ್ದೋರು ಕಣವ್ವ. ನಮ್ಮನೆ ಹೂವು ಯಾರು ಇಸ್ಕೋತಾರೆ? ಒಳಗೆ ಬಾ."

ಚೈತ್ರಾ ಒಳಗೆ ಹೋಗಲಿಲ್ಲ. ದೋಟಿ ಬಿಟ್ಟು ಸೀರೆಯ ಅಂಚಿನಲ್ಲಿ ಕುಳಿತುಬಿಟ್ಟಳು. ಅಜ್ಜಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಹಿತ್ತಲೆಲ್ಲ ಗಲಗಲ ಅನ್ನುತ್ತಿತ್ತು. ಈಗ ಒಂದು ಅಳಿಲು ಬಿಟ್ಟರೆ ಯಾರೂ ಇರಲಿಲ್ಲ.

ಆಗ ಗೋಡೆಯಾಚೆಯಿಂದ ಒಂದು ದನಿ ಬಂತು. "ಏ ಚೌಡಕ್ಕಾ, ಹೂವಾತೇನೆ?"

ಪಕ್ಕದ ಮನೆಯ ಶಂಕ್ರಮ್ಮಜ್ಜಿ. ಗೋಡೆಯ ಮೇಲೆ ಕಾಣುತ್ತಿದ್ದದ್ದು ಅವಳ ಕೈ ಮತ್ತು ಸ್ಟೀಲ್ ಬಟ್ಟಲು, ಅಷ್ಟೇ. ದನಿ ಅಲ್ಲಿಗೇ ನಿಂತುಹೋಯಿತು. ಬಟ್ಟಲು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಚೈತ್ರಾ ಓಡಿಹೋಗಿ ಗೇಟು ತೆಗೆದಳು. ಶಂಕ್ರಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬಾಯಿಗೆ ಬಂದ್ಬಿಡ್ತು ಕಣವ್ವ. ಚೌಡಕ್ಕ ಇಲ್ಲ ಅಂತ ದಿನಾ ಗೊತ್ತಿರ್ತೈತೆ. ಹಬ್ಬದ ದಿನ ಮರೆತೇ ಹೋತು."

ಅಜ್ಜಿಯನ್ನು ಹುಡುಕುತ್ತಿರುವುದು ತಾನೊಬ್ಬಳೇ ಅಂದುಕೊಂಡಿದ್ದಳು ಚೈತ್ರಾ. ಶಂಕ್ರಮ್ಮಜ್ಜಿಯ ಕೈ ಹಿಡಿದು ಮರದ ಹತ್ತಿರ ಕರೆದುಕೊಂಡು ಬಂದಳು.

ಹೂವು ಕೊಡೋದು ಹೆಂಗೆ, ನಮಗೆ ಹಬ್ಬ ಇಲ್ಲವಲ್ಲ ಎಂದು ಅಮ್ಮ ಹಿಂಜರಿದಳು.

"ಹಬ್ಬ ಇಲ್ದಿರೋದು ನಿಮಗೆ ನೇತ್ರಾ, ಗಿಡಕ್ಕಲ್ಲ" ಎಂದಳು ಶಂಕ್ರಮ್ಮಜ್ಜಿ. "ಈ ಹೂವು ಬಿಟ್ಟು ಬ್ಯಾರೆ ಹೂವು ನಾನು ಬಾಯಿಗೆ ಹಾಕಿಲ್ಲ."

ಅಮ್ಮ ಬಾಗಿಲಿನಿಂದ ಇಳಿದು ಮರದ ಹತ್ತಿರ ಬಂದಳು. ಆಮೇಲೆ ಸೆರಗು ಸಿಕ್ಕಿಸಿ ದೋಟಿ ತೆಗೆದುಕೊಂಡಳು. ಒಂದೇ ಸಲ ಜಗ್ಗಿದ್ದಕ್ಕೆ ಸೀರೆಯ ಮೇಲೆಲ್ಲ ಹೂವು ಸುರಿಯಿತು.

ಚೈತ್ರಾ ಮೊರ ಹಿಡಿದು ಮನೆಮನೆಗೆ ಹೋದಳು. ಯಾರೂ ಬೇಡ ಅನ್ನಲಿಲ್ಲ. "ಚೌಡಕ್ಕನ ಮನೆ ಹೂವು ಬಂತು" ಎಂದು ಒಳಗೆ ಕೂಗಿ ಹೇಳಿದರು. ಕೊನೆಯ ಮನೆಯ ಓಬಳೇಶಣ್ಣ ಅವಳನ್ನೇ ನೋಡಿ ನಕ್ಕ. "ತಲೆ ತುಂಬಾ ಹೂವೈತಲ್ಲವ್ವ!"

ಖಾಲಿ ಮೊರ ಹಿಡಿದು ಒಬ್ಬಳೇ ವಾಪಸ್ ಬರುವಾಗ ಕೊಡವಲೆಂದು ಕೈ ಎತ್ತಿದಳು. ಬೆರಳಿಗೆ ಹೂವು ತಾಗಿತು.

ಕೈ ಇಳಿಸಿದಳು. ಸಂಜೆಯಾದರೂ ಕೊಡವಲಿಲ್ಲ.