ಷಡಕ್ಷರಿ ಹೆಸರಿನ ಎಂಟು ಹಾಳೆ

ಪ್ರಾಂಶುಪಾಲ ವೀರೇಶ್ ಕೊಪ್ಪದ ಪೊಲೀಸ್ ಠಾಣೆಗೆ ದೂರು ತಂದದ್ದು ೨೦೦೫ರ ಏಪ್ರಿಲ್ ಹನ್ನೆರಡರ ಬೆಳಿಗ್ಗೆ. ಅವರ ಖಾಸಗಿ ತರಬೇತಿ ಸಂಸ್ಥೆಯ ಅಂತಿಮ ಪರೀಕ್ಷೆಯ ಪ್ರಶ್ನೆಪತ್ರಿಕೆ, ಪರೀಕ್ಷೆಗೆ ಮೊದಲೇ ನರಸಿಂಹರಾಜಪುರದ ಶಾಖೆಯ ಹಾಸ್ಟೆಲ್ ಮೆಟ್ಟಿಲ ಮೇಲೆ ಬಿದ್ದಿತ್ತು. ಸಬ್‌ಇನ್‌ಸ್ಪೆಕ್ಟರ್ ಸೋಮನಾಥ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಪುಟ್ಟಯ್ಯನೊಂದಿಗೆ ಸಂಸ್ಥೆಗೆ ಹೋದರು.

ಕಚೇರಿಗೂ ಲ್ಯಾಬಿಗೂ ಸೇರಿ ಅಲ್ಲಿದ್ದದ್ದು ಒಂದೇ ಪ್ರಿಂಟರ್. ಕಚೇರಿಯ ಕಂಪ್ಯೂಟರುಗಳಲ್ಲಿ ಲಿನಕ್ಸ್, ಲ್ಯಾಬಿನವುಗಳಲ್ಲಿ ಹಳೆಯ ವಿಂಡೋಸ್. ಕಾಗದ ಪೋಲಾಗದಿರಲೆಂದು, ಯಾರ ಹೆಸರಿನಲ್ಲಿ ಎಷ್ಟು ಹಾಳೆ ಮುದ್ರಣವಾಯಿತೆಂಬ ಲೆಕ್ಕವನ್ನು ಸರ್ವರೇ ಇಡುವಂತೆ ಕಂಪ್ಯೂಟರ್ ಉಪನ್ಯಾಸಕಿ ಮೇಘನ ಏರ್ಪಾಟು ಮಾಡಿದ್ದರು. ಪ್ರಶ್ನೆಪತ್ರಿಕೆಯ ಎಂಟು ಹಾಳೆಗಳ ಮುಂದಿದ್ದ ಹೆಸರು ಕಚೇರಿ ಮೇಲ್ವಿಚಾರಕ ಷಡಕ್ಷರಿಯವರದು. ಪಂಚನಾಮೆ ನಡೆದು ಆ ಲೆಕ್ಕ ಜಪ್ತಿಯಾಯಿತು. ಷಡಕ್ಷರಿಯವರು ಠಾಣೆಗೆ ಬಂದರು. ಹಿಂದೆಯೇ ಅವರ ಪತ್ನಿ ದಾಕ್ಷಾಯಣಮ್ಮನೂ.

"ಪ್ರಿಂಟ್ ತೆಗೆದ್ರಾ?" ಸೋಮನಾಥ್ ಕೇಳಿದರು.

"ಇಲ್ಲ."

"ಹೆಸರಿದೆಯಲ್ಲ?"

"ಇದೆ. ನಾನು ತೆಗೀಲಿಲ್ಲ."

ವೀರೇಶ್ ಸಿಡುಕಿದರು. "ಇನ್ನೆಂತ ಸಾಕ್ಷಿ ಬೇಕು ಮಾರಾಯ್ರೇ? ಮೆಷಿನ್ ಸುಳ್ಳು ಹೇಳ್ತದಾ? ಸಂಜೆಯೊಳಗೆ ಒಳಗೆ ಹಾಕಿ ಇವರನ್ನ."

ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯನನ್ನು ಬಂಧಿಸಲು ಸೋಮನಾಥರ ಮನಸ್ಸು ಒಪ್ಪಲಿಲ್ಲ. ಬಿಡಲು ಕಾರಣವೂ ಸಿಗಲಿಲ್ಲ. ಚಿಕ್ಕಮಗಳೂರಿಗೆ ಫ್ಯಾಕ್ಸ್ ಕಳಿಸಲು ಪುಟ್ಟಯ್ಯ ಆಗಲೇ ಇಂಗ್ಲಿಷಿನಲ್ಲಿ ಆರೋಪಿಯ ಹೆಸರು ಬರೆಯತೊಡಗಿದ್ದ.

"ಕ್ಷ ಅಕ್ಷರಕ್ಕೆ ಎಕ್ಸ್ ಹಾಕ್ಬೇಡಿ ಮಾರಾಯ್ರೇ," ಷಡಕ್ಷರಿ ಮೇಜಿನ ಮೇಲೆ ಬಾಗಿದರು. "ಕೆ, ಎಸ್, ಎಚ್ ಹಾಕಿ."

"ಲಾಕಪ್ಪಿಗೆ ಹೋಗಕ್ಕೆ ಎಂತ ಸ್ಪೆಲ್ಲಿಂಗು ಸ್ವಾಮಿ?" ಪುಟ್ಟಯ್ಯ ನಕ್ಕ.

"ಇವ್ರು ಹಾಗೇ ಕಣಪ್ಪ," ದಾಕ್ಷಾಯಣಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು. "ವೋಟರ್ ಕಾರ್ಡಲ್ಲಿ ನನ್ನ ಹೆಸರಿಗೆ ಎಕ್ಸ್ ಬಿತ್ತು ಅಂತ ತಾಲ್ಲೂಕಾಫೀಸಿಗೆ ಎಷ್ಟು ಸಲ ಅಲೆಸಿದ್ರೋ."

ಸೋಮನಾಥ್ ನಗಲಿಲ್ಲ. ಜಪ್ತಿ ಮಾಡಿದ ಲೆಕ್ಕವನ್ನು ಎಳೆದುಕೊಂಡು ಸಾಲು ಸಾಲಾಗಿ ಬೆರಳಾಡಿಸಿದರು. ಷಡಕ್ಷರಿಯವರ ಹೆಸರು ಎಲ್ಲ ಕಡೆಯೂ ಕೆ, ಎಸ್, ಎಚ್. ಆ ಎಂಟು ಹಾಳೆಗಳ ಮುಂದೆ ಮಾತ್ರ ಎಕ್ಸ್.

ಫ್ಯಾಕ್ಸ್ ತಡೆದು ಅವರು ಮತ್ತೆ ಸಂಸ್ಥೆಗೆ ಧಾವಿಸಿದರು.

"ಒಬ್ಬರ ಹೆಸರು ಎರಡು ಥರ ಹೇಗಮ್ಮ?"

ಮೇಘನ ಬಿಳುಚಿಕೊಂಡರು. "ಕಚೇರಿಯ ಲಿನಕ್ಸ್ ಒಂದಕ್ಷರ ತಪ್ಪಿದ್ರೂ ಒಳಗೆ ಬಿಡಲ್ಲ ಸರ್. ಲ್ಯಾಬಿನ ಹಳೇ ವಿಂಡೋಸಿಗೆ ಎಂತ ಹೆಸರು ಕೊಟ್ರೂ ಆಗ್ತದೆ. ಲೆಕ್ಕದಲ್ಲಿ ಅದೇ ಬೀಳ್ತದೆ."

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೆಸರು ನೋಡಿದೆ ಸರ್. ಅಕ್ಷರ ನೋಡ್ಲಿಲ್ಲ."

ಹಾಗಾದರೆ ಆ ಎಂಟು ಹಾಳೆ ಹೊರಟದ್ದು ಲ್ಯಾಬಿನಿಂದ. ಲ್ಯಾಬಿನ ಕೀ ಇದ್ದದ್ದು ಇಬ್ಬರ ಬಳಿ: ಮೇಘನ ಮತ್ತು ಲ್ಯಾಬ್ ಸಹಾಯಕ ವಿಜಯ್. ಸೋಮನಾಥ್ ಇಬ್ಬರ ಮೊಬೈಲಿನಲ್ಲೂ ಷಡಕ್ಷರಿಯವರ ನಂಬರ್ ತೋರಿಸಲು ಹೇಳಿದರು. ಮೇಘನರ ಮೊಬೈಲಿನಲ್ಲಿ ಹೆಸರು ಸರಿಯಾಗಿತ್ತು. ವಿಜಯ್ ಉತ್ಸಾಹದಿಂದಲೇ ಗುಂಡಿ ಒತ್ತಿ ತೋರಿಸಿದ. ಪುಟ್ಟ ಪರದೆಯಲ್ಲಿ, ಹೆಸರಿನ ನಡುವೆ, ಎಕ್ಸ್.

"ಹೀಗೆ ಬರೆಯೋರು ಊರಲ್ಲಿ ಸಾವಿರ ಜನ ಇದ್ದಾರೆ ಸರ್," ಕಾರಣ ತಿಳಿದಾಗ ಅವನೆಂದ.

"ಸಾವಿರ ಜನರ ಹತ್ರ ಲ್ಯಾಬಿನ ಕೀ ಇಲ್ಲ. ಹಾಸ್ಟೆಲಲ್ಲಿ ನಿನ್ನೋರು ಯಾರಿದ್ದಾರೆ?"

ವಿಜಯ್ ಗೋಡೆಗೆ ಒರಗಿದ. "ತಂಗಿ. ರಮ್ಯ."

ಸಂಜೆ ಅವನ ಬಂಧನವಾಯಿತು. ಎರಡು ಸಲ ಫೇಲಾಗಿದ್ದ ರಮ್ಯಳಿಗೆ ಅಪ್ಪ ಗಡುವು ಕೊಟ್ಟಿದ್ದ: ಈ ಸಲವೂ ಹೋದರೆ ಬಸರೀಕಟ್ಟೆಯ ಜೀಪಿನವನೊಂದಿಗೆ ಮದುವೆ. ಆತ ಅವಳ ಅಪ್ಪನ ಓರಗೆಯವನು. ಕಚೇರಿಗೂ ಲ್ಯಾಬಿಗೂ ಕಾಣುವ ಹಂಚಿಕೆಯ ಫೋಲ್ಡರಿನಲ್ಲಿ ಯಾರೋ ಮರೆತು ಬಿಟ್ಟಿದ್ದ ಪ್ರಶ್ನೆಪತ್ರಿಕೆ ಕಣ್ಣಿಗೆ ಬಿದ್ದಾಗ ವಿಜಯನಿಗೆ ತಡೆಯಲಾಗಲಿಲ್ಲ.

"ಷಡಕ್ಷರಿಯವರ ಹೆಸರೇ ಯಾಕೆ ಹಾಕಿದೆ?"

"ಅವರನ್ನ ಯಾರೂ ಅನುಮಾನ ಪಡಲ್ಲ ಅಂತ ಸರ್," ವಿಜಯ್ ತಲೆ ಎತ್ತದೆ ಹೇಳಿದ. "ಹೆಸರು ನೋಡಿದ ಕೂಡ್ಲೇ, ಮೆಷಿನ್ನೇ ಹಾಳಾಗಿದೆ ಅಂತ ಬಿಟ್ಟುಬಿಡ್ತಾರೆ ಅಂದ್ಕೊಂಡೆ."

ಮನೆಗೆ ಹೊರಟಿದ್ದ ಷಡಕ್ಷರಿ ಬಾಗಿಲಲ್ಲೇ ನಿಂತು ಪ್ರಾಂಶುಪಾಲರತ್ತ ನೋಡಿದರು. ವೀರೇಶ್ ದೂರಿನ ಪ್ರತಿಯನ್ನು ಮಡಚುತ್ತಲೇ ಇದ್ದರು.